ಗಟ್ಟಿಮುಟ್ಟಾಗಿರುವಾಗಲೇ ಕಂತು ಕಟ್ಟೋಣ

ಕಳೆದ ಸಲದ ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ದಂಡಿಗನಹಳ್ಳಿ ಹೋಬಳಿಯ ನಮ್ಮ ಸದಸ್ಯರೊಬ್ಬರು ಸಂಘದ ಕಛೇರಿಗೆ ಬಂದು ಕುಳಿತರು. ಎರಡೂವರೆ ಎಕರೆ ಅಡಿಕೆ, ಬದುವಿನ ಮೇಲೆ ತೆಂಗು, ಕೊಟ್ಟಿಗೆಯಲ್ಲಿ ಎರಡು ಹಸು ಇರುವ ಸಂಸಾರ. ಸಂಘದ ಸಾಲವನ್ನು ಒಂದು ದಿನವೂ ಬಾಕಿ ಇರಿಸಿಕೊಂಡವರಲ್ಲ. ಅವರು ಕೇಳಿದ್ದು ಮುಂದಿನ ವರ್ಷದ ಫಸಲಿನ ಮೇಲೆ ಮುಂಗಡ. ಈ ವರ್ಷದ ಫಸಲು ಏನಾಯಿತೆಂದು ವಿಚಾರಿಸಿದರೆ, ಹಿಂಗಾರ ಒಡೆಯುವ ಹೊತ್ತಿಗೇ ಅದನ್ನು ಚೇಣಿಗೆ ಕೊಟ್ಟು ಹಣ ತಂದಾಗಿತ್ತು. ಎದೆನೋವು ಬಂದ ರಾತ್ರಿ ಬಾಡಿಗೆ ಕಾರಿನಲ್ಲಿ ಹೊರಟು, ಮೊದಲು ಹಾಸನ, ಅಲ್ಲಿಂದ ಮೈಸೂರು. ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಬರುವಷ್ಟರಲ್ಲಿ ಮೂರು ಲಕ್ಷ ಚಿಲ್ಲರೆ ಖರ್ಚಾಗಿತ್ತು.

ನಮ್ಮ ಗುಮಾಸ್ತರು ಯಶಸ್ವಿನಿಯ ಪುಸ್ತಕ ತೆಗೆದು ನೋಡಿದರು. ಅವರ ಹೆಸರು ಇರಲಿಲ್ಲ. "ಅಣ್ಣ, ಹೋದ ವರ್ಷ ಹೇಳಿದ್ನಲ್ವಾ?" ಎಂದರು. "ಹೇಳಿದ್ದೆ ಕಣಪ್ಪ. ಮನೇಲಿ ಯಾರಿಗೂ ಏನೂ ಇರ್ಲಿಲ್ಲ, ಸುಮ್ನೆ ಯಾಕೆ ಕಟ್ಟೋದು ಅಂದ್ಕಂಡೆ" ಎಂಬುದು ಅವರ ಉತ್ತರ. ಕಟ್ಟಬೇಕಾಗಿದ್ದುದು ವರ್ಷಕ್ಕೆ ರೂ. 500. ಅಡಿಕೆ ಮರ ಹತ್ತುವ ಒಬ್ಬ ಆಳಿಗೆ ನಾವು ಕೊಡುವ ಒಂದು ದಿನದ ಕೂಲಿಗಿಂತ ಕಡಿಮೆ.

ಈ ಮಾತನ್ನು ಅವರನ್ನು ದೂರುವುದಕ್ಕಾಗಿ ಇಲ್ಲಿ ಬರೆಯುತ್ತಿಲ್ಲ. "ಯಾರಿಗೂ ಏನೂ ಇರಲಿಲ್ಲ" ಎಂಬ ಲೆಕ್ಕಾಚಾರ ನಮ್ಮೆಲ್ಲರ ಮನೆಯಲ್ಲೂ ನಡೆಯುತ್ತದೆ. ಕಾಯಿಲೆ ಬಂದಾಗ ನೋಡಿಕೊಳ್ಳೋಣ ಎನ್ನುವುದು ರೂಢಿ. ಆದರೆ ಈ ಲೆಕ್ಕಾಚಾರ ಎಲ್ಲಿ ತಪ್ಪುತ್ತದೆ, ಅದರಿಂದ ಒಂದು ಮನೆಗಷ್ಟೇ ಅಲ್ಲ, ಇಡೀ ಯೋಜನೆಗೆ ಹೇಗೆ ಪೆಟ್ಟು ಬೀಳುತ್ತದೆ ಎಂಬುದನ್ನು ಸದಸ್ಯ ಬಾಂಧವರ ಮುಂದೆ ಬಿಡಿಸಿ ಇಡುವುದು ಅಗತ್ಯವೆಂದು ನಮಗೆ ತೋರಿದೆ.

ಹಳಬರಾದ ಕಾಫಿ ಬೆಳೆಗಾರರಿಗೆ ಪೂಲ್ ಪದ್ಧತಿಯ ನೆನಪು ಇದ್ದೇ ಇರುತ್ತದೆ. 1940ರ ದಶಕದಿಂದ 1990ರ ದಶಕದ ನಡುವಿನವರೆಗೆ ಎಲ್ಲರ ಕಾಫಿಯೂ ಕಾಫಿ ಬೋರ್ಡಿನ ಪೂಲಿಗೆ ಸೇರಿ, ಅಲ್ಲಿಂದ ಮಾರಾಟವಾಗಿ, ಅವರವರ ಪಾಲಿನ ಹಣ ಕಂತು ಕಂತಾಗಿ ಬರುತ್ತಿತ್ತು. ಆ ಪದ್ಧತಿಯ ಒಳ್ಳೆಯದು ಕೆಟ್ಟದ್ದರ ಚರ್ಚೆ ಇಲ್ಲಿ ಬೇಡ. ಆರೋಗ್ಯ ವಿಮೆ ಎಂಬುದೂ ಒಂದು ಪೂಲ್ ಎಂಬುದಷ್ಟೇ ಇಲ್ಲಿ ಮುಖ್ಯ. ಇದಕ್ಕೆ ನಾವು ಹಾಕುವುದು ಕಾಫಿಯನ್ನಲ್ಲ, ಸಣ್ಣ ಕಂತನ್ನು. ತೆಗೆದುಕೊಳ್ಳುವವನು ಆ ವರ್ಷ ಯಾರ ಮನೆಗೆ ಕಷ್ಟ ಬಂತೋ ಅವನು. ಇಂಥ ಪೂಲಿಗೆ ಹಾಕಿದ್ದು ತನಗೆ ವಾಪಸು ಬರದ ವರ್ಷವೇ ಸದಸ್ಯನಿಗೆ ಲಾಭದ ವರ್ಷ.

ಇದು ಹೊರಗಿನಿಂದ ಬಂದ ವಿಚಾರವೇನೂ ಅಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದಾಗ ಹಿಡಿದ ತತ್ವವೂ ಇದೇ: ಒಬ್ಬನಿಂದ ಆಗದ್ದು ಹತ್ತು ಜನರ ಸಣ್ಣ ಸಣ್ಣ ಪಾಲಿನಿಂದ ಆಗುತ್ತದೆ. ನೂರು ವರ್ಷ ಕಳೆಯುವ ಮೊದಲೇ ಅದೇ ತತ್ವದ ಮೇಲೆ ನಮ್ಮ ರಾಜ್ಯದಲ್ಲೇ ಯಶಸ್ವಿನಿ ಸಹಕಾರಿ ರೈತರ ಆರೋಗ್ಯ ರಕ್ಷಣಾ ಯೋಜನೆ ಹುಟ್ಟಿತು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಆಲೋಚನೆ, ಸಹಕಾರ ಇಲಾಖೆಯ ವ್ಯವಸ್ಥೆ, ಹಳ್ಳಿ ಹಳ್ಳಿಯ ಸಹಕಾರ ಸಂಘಗಳ ದುಡಿಮೆ ಇವು ಮೂರೂ ಸೇರಿ ಅದು ರೂಪುಗೊಂಡಿತು. 2002ರ ನವೆಂಬರಿನಲ್ಲಿ ಉದ್ಘಾಟನೆಯಾಗಿ, 2003ರ ಜೂನ್ 1ರಿಂದ ಜಾರಿಗೆ ಬಂತು. ತಲೆಗೆ ತಿಂಗಳಿಗೆ ರೂ. 5, ವರ್ಷಕ್ಕೆ ರೂ. 60. ವಿಮಾ ಕಂಪನಿಯ ಕೈಗೆ ಕೊಡದೆ, ಸದಸ್ಯರ ಹಣವನ್ನೂ ಸರ್ಕಾರದ ನೆರವನ್ನೂ ಒಂದು ಟ್ರಸ್ಟಿನಲ್ಲಿ ಇರಿಸಿ, ಅದರಿಂದಲೇ ಆಸ್ಪತ್ರೆಗಳಿಗೆ ಹಣ ಸಲ್ಲಿಸುವ ಏರ್ಪಾಡು.

ಮೊದಲ ವರ್ಷದ ಲೆಕ್ಕವನ್ನು ಸ್ವಲ್ಪ ಗಮನಿಸಬೇಕು. ಸೇರಿದವರು ಸುಮಾರು 16 ಲಕ್ಷ ಜನ. ತಲೆಗೆ 60ರಂತೆ ಕೂಡಿದರೆ ಒಂಬತ್ತೂವರೆ ಕೋಟಿ ರೂಪಾಯಿಗೂ ಸ್ವಲ್ಪ ಹೆಚ್ಚು. ಆ ವರ್ಷ ಆದ ಶಸ್ತ್ರಚಿಕಿತ್ಸೆಗಳು ಸುಮಾರು 9 ಸಾವಿರ. ಅಂದರೆ ಹೆಚ್ಚುಕಡಿಮೆ 180 ಜನರಲ್ಲಿ ಒಬ್ಬರಿಗೆ ಆಪರೇಷನ್ ಬೇಕಾಯಿತು. ಉಳಿದ 179 ಜನರ ಅರವತ್ತು ಅರವತ್ತು ರೂಪಾಯಿ ಆ ಒಬ್ಬರ ತೋಟ, ಹಸು, ಹೆಂಡತಿಯ ತಾಳಿ ಇವನ್ನು ಉಳಿಸಿತು. ಆ ಒಬ್ಬರು ಯಾರಾಗುತ್ತಾರೆಂದು ವರ್ಷದ ಆರಂಭದಲ್ಲಿ ಹೇಳಬಲ್ಲವರು ಯಾರೂ ಇಲ್ಲ. ಹಾಗೆ ಹೇಳಲಾಗದು ಎಂಬ ಕಾರಣಕ್ಕೇ ಕಂತು ಅಷ್ಟು ಕಡಿಮೆ ಇರಲು ಸಾಧ್ಯವಾಯಿತು.

ಎರಡನೆಯ ವರ್ಷ ಸದಸ್ಯರ ಸಂಖ್ಯೆ 20 ಲಕ್ಷ ದಾಟಿತು. ಅನಂತರ ಕಂತನ್ನು ರೂ. 120ಕ್ಕೆ ಏರಿಸಿದಾಗ, 2005-06ರಲ್ಲಿ, ಸಂಖ್ಯೆ 15 ಲಕ್ಷಕ್ಕಿಂತ ಕೆಳಗಿಳಿಯಿತು. ಇಲ್ಲಿ ವಿಚಾರ ಮಾಡಬೇಕಾದದ್ದು ಬಹಳ ಇದೆ. ಕಂತು ಏರಿದಾಗ ಮೊದಲು ಬಿಟ್ಟು ಹೋಗುವವರು ಯಾರು? "ನನಗೇನಾಗಿದೆ?" ಎನ್ನುವ ಗಟ್ಟಿಮುಟ್ಟಾದವರು. ಉಳಿಯುವವರು ಯಾರು? ಹೊಟ್ಟೆಯಲ್ಲಿ ಗಡ್ಡೆ, ಕಿಡ್ನಿಯಲ್ಲಿ ಕಲ್ಲು, ಎದೆಯಲ್ಲಿ ನೋವು ಇದ್ದು ಈ ವರ್ಷವೇ ಆಪರೇಷನ್ ಆಗಬೇಕೆಂದು ವೈದ್ಯರಿಂದ ಹೇಳಿಸಿಕೊಂಡವರು. ಹಾಗಾದಾಗ 180ರಲ್ಲಿ ಒಬ್ಬರ ಬದಲು 100ರಲ್ಲಿ ಒಬ್ಬರು, 50ರಲ್ಲಿ ಒಬ್ಬರು ಎಂದು ಖರ್ಚಿನ ಪ್ರಮಾಣ ಏರುತ್ತ ಹೋಗುತ್ತದೆ, ಕಂತನ್ನು ಮತ್ತೆ ಏರಿಸಬೇಕಾಗುತ್ತದೆ, ಮತ್ತಷ್ಟು ಜನ ಬಿಡುತ್ತಾರೆ. ಕೊನೆಗೆ ನೀರು ಕಾಣದ ಕೊಳವೆಬಾವಿಯ ಹಾಗೆ, ಹಣ ಸುರಿದಷ್ಟೂ ಸಾಲದು. ಕಡಿಮೆ ಕಂತಿನ ವಿಮೆಯನ್ನು ಉಳಿಸುವವರು ಆರೋಗ್ಯವಂತರು. ಅದನ್ನು ಮುಳುಗಿಸುವವರೂ ಅವರೇ.

ಯಶಸ್ವಿನಿ ಆ ಏಟನ್ನು ತಡೆದುಕೊಂಡು ಚೇತರಿಸಿಕೊಂಡಿತು. 2008-09ರ ವೇಳೆಗೆ 30 ಲಕ್ಷ ಜನ ಸೇರಿದ್ದರು. ಆದರೆ 2018ರಲ್ಲಿ ಸರ್ಕಾರ ಬೇರೆ ಬೇರೆ ಆರೋಗ್ಯ ಯೋಜನೆಗಳನ್ನೆಲ್ಲ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಿದಾಗ ಯಶಸ್ವಿನಿ ಆ ವರ್ಷದ ಮೇ ಕೊನೆಗೆ ನಿಂತಿತು. ಆರೋಗ್ಯ ಕರ್ನಾಟಕ, ಅನಂತರ ಅದರೊಂದಿಗೆ ಕೂಡಿದ ಆಯುಷ್ಮಾನ್ ಭಾರತ್, ಬಡವರಿಗೆ ಬಹಳ ದೊಡ್ಡ ಉಪಕಾರ ಮಾಡಿದೆ ಎಂಬುದನ್ನು ಒಪ್ಪಲೇಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ಎಂದು ಗೊತ್ತುಮಾಡಲಾಯಿತು. ಆದರೆ ಎಪಿಎಲ್ ಕಾರ್ಡಿನವರಿಗೆ ದೊರೆಯುವುದು ಗೊತ್ತುಪಡಿಸಿದ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ರೂ. ಒಂದೂವರೆ ಲಕ್ಷ ಮೀರದಂತೆ. ಜೊತೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು.

ನಮ್ಮ ಸದಸ್ಯರಲ್ಲಿ ಅನೇಕರು ಈ ಎರಡರ ನಡುವೆ ಸಿಕ್ಕಿಕೊಂಡವರು. ಪಹಣಿಯಲ್ಲಿ ತೋಟ ಎಂದಿರುವುದರಿಂದ ಸರ್ಕಾರದ ಕಣ್ಣಿಗೆ ಬಡವರಲ್ಲ. ಕೈಯಲ್ಲಿ ರೊಕ್ಕ ಇರುವುದು ಕೊಯ್ಲಾದ ಎರಡು ತಿಂಗಳು ಮಾತ್ರ ಆದ್ದರಿಂದ ಆಸ್ಪತ್ರೆಯ ಬಿಲ್ಲಿನ ಮುಂದೆ ಶ್ರೀಮಂತರೂ ಅಲ್ಲ. ಕಾರ್ಖಾನೆಯ ಕೆಲಸಗಾರನಿಗೆ 1948ರ ಕಾಯ್ದೆಯಿಂದ ಇ.ಎಸ್.ಐ. ಬಂತು. ದೊಡ್ಡ ಎಸ್ಟೇಟಿನ ಕಾರ್ಮಿಕನಿಗೆ ವೈದ್ಯಕೀಯ ಸೌಕರ್ಯ ಒದಗಿಸುವ ಹೊಣೆಯನ್ನು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಮಾಲೀಕನ ಮೇಲೆ ಹೊರಿಸಿತು. ಸರ್ಕಾರಿ ನೌಕರನಿಗೆ ಇಲಾಖೆಯೇ ಇದೆ. ಎರಡು ಮೂರು ಎಕರೆಯ ಸಣ್ಣ ಬೆಳೆಗಾರನಿಗೆ ತಾನೇ ಮಾಲೀಕ, ತಾನೇ ಆಳು. ಅವನ ಹೊಣೆ ಹೊರುವವರು ಯಾರೂ ಇರಲಿಲ್ಲ. ಆ ಜಾಗದಲ್ಲಿ ನಿಂತದ್ದು ಸಹಕಾರ ಸಂಘ ಮತ್ತು ಯಶಸ್ವಿನಿ.

ಯಶಸ್ವಿನಿ ಇಲ್ಲದೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ಕೋವಿಡ್ಡಿನ ಎರಡು ವರ್ಷಗಳೂ ಅದರಲ್ಲೇ ಬಂದು ಹೋದವು. ರಾಜ್ಯದ ಸಹಕಾರಿಗಳು, ರೈತರು ಒತ್ತಾಯ ತಂದ ಮೇಲೆ 2022ರ ನವೆಂಬರಿನಲ್ಲಿ ಮತ್ತೆ ನೋಂದಣಿ ಆರಂಭವಾಗಿ, 2023ರ ಜನವರಿ 1ರಿಂದ ಚಿಕಿತ್ಸೆ ದೊರೆಯತೊಡಗಿತು. ಹೊಸ ರೂಪದಲ್ಲಿ ಗ್ರಾಮಾಂತರದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ ರೂ. 500 ಎಂದೂ, ಹೆಚ್ಚಿನ ಪ್ರತಿಯೊಬ್ಬರಿಗೆ ರೂ. 100 ಎಂದೂ ಗೊತ್ತುಮಾಡಲಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡದ ಸದಸ್ಯರ ಕಂತನ್ನು ಸರ್ಕಾರವೇ ಭರಿಸುವ ಏರ್ಪಾಡಾಯಿತು. ಒಂದು ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ, 1,650 ಬಗೆಯ ಚಿಕಿತ್ಸೆ, ಯೋಜನೆಗೆ ಒಳಪಟ್ಟ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ, ನಗದು ಕಟ್ಟದೆ ದೊರೆಯಬೇಕೆಂಬುದು ನಿಯಮ.

ಇಷ್ಟು ಹೇಳಿದ ಮೇಲೆ ಯೋಜನೆಯ ಕುಂದುಗಳನ್ನು ಮುಚ್ಚಿಡುವುದು ಸರಿಯಲ್ಲ. ಯಶಸ್ವಿನಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಯೋಜನೆ. ಹಾವು ಕಡಿತ, ನಾಯಿ ಕಡಿತ, ಎತ್ತು ತಿವಿತ, ವಿದ್ಯುತ್ ಆಘಾತ, ಕೃಷಿ ಯಂತ್ರದಿಂದಾದ ಗಾಯ ಇಂಥ ರೈತರ ಪಾಲಿನ ತುರ್ತುಗಳನ್ನು ಅದು ಸೇರಿಸಿಕೊಂಡದ್ದು ನಿಜ. ಆದರೆ ತಿಂಗಳು ತಿಂಗಳು ನುಂಗುವ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಗೆ ಅದು ಹಣ ಕೊಡುವುದಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಗೇ ಹೋಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಒಂದೊಂದು ಆಪರೇಷನ್ನಿಗೂ ಗೊತ್ತುಪಡಿಸಿದ ದರ ಬಹಳ ಕಡಿಮೆಯಾದರೆ, ಅಥವಾ ಹಣ ಪಾವತಿ ತಿಂಗಳುಗಟ್ಟಲೆ ತಡವಾದರೆ, ಒಳ್ಳೆಯ ಆಸ್ಪತ್ರೆಗಳು ಮೆಲ್ಲನೆ ಹಿಂದೆ ಸರಿಯುತ್ತವೆ. ಅರಕಲಗೂಡಿನ ಮಲ್ಲಿಪಟ್ಟಣದ ಕಡೆಯ ನಮ್ಮ ಸದಸ್ಯರೊಬ್ಬರು, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ ಮಗನನ್ನು ಕರೆದುಕೊಂಡು ಒಂದು ಆಸ್ಪತ್ರೆಗೆ ಹೋದಾಗ, ಕಾರ್ಡು ತೋರಿಸಿದ ಕೂಡಲೇ "ಬೆಡ್ ಇಲ್ಲ" ಎಂಬ ಉತ್ತರ ಬಂತಂತೆ. ನಗದು ಕಟ್ಟುವುದಾಗಿ ಹೇಳಿದ ಮೇಲೆ ಬೆಡ್ ಸಿಕ್ಕಿತಂತೆ. ಕೈಯಲ್ಲಿ ಕಾರ್ಡಿದ್ದು ಬಾಗಿಲು ತೆರೆಯದಿದ್ದರೆ ಆ ಕಾರ್ಡಿನಿಂದ ಏನು ಬಂತು? ಅಗ್ಗದ ಕಂತು ಎಷ್ಟು ಮುಖ್ಯವೋ, ಆ ಕಂತಿಗೆ ಒಳ್ಳೆಯ ವೈದ್ಯರ ಕೈ ಸಿಗುವುದೂ ಅಷ್ಟೇ ಮುಖ್ಯ.

ಹಾಗೆಂದು ಯೋಜನೆಯನ್ನು ಬಿಡುವುದು ಉಪಾಯವಲ್ಲ. ದೂರದ ಕೆನಡಾ ದೇಶದ ಗೋಧಿ ಬೆಳೆಗಾರರ ಸಂಗತಿಯೊಂದು ಇಲ್ಲಿ ನೆನಪಿಗೆ ಬರುತ್ತದೆ. ಆ ದೇಶದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 1915ರ ಸುಮಾರಿಗೆ ಸಾರ್ನಿಯಾ ಎಂಬ ಗ್ರಾಮೀಣ ಭಾಗದ ರೈತರು, ಊರಿನ ವೈದ್ಯರು ವರಮಾನ ಸಾಲದೆ ಬಿಟ್ಟು ಹೋಗದಂತೆ, ತಮ್ಮ ಸ್ಥಳೀಯ ತೆರಿಗೆಯಿಂದಲೇ ಅವರಿಗೆ ವರ್ಷಾಶನ ಗೊತ್ತುಮಾಡಿದರು. ಪಕ್ಕದ ಊರುಗಳೂ ಅದನ್ನೇ ಅನುಸರಿಸಿದವು. ಅದೇ ಪ್ರಾಂತ್ಯ 1947ರಲ್ಲಿ ಎಲ್ಲರಿಗೂ ಆಸ್ಪತ್ರೆ ವಿಮೆಯನ್ನೂ, 1962ರಲ್ಲಿ ವೈದ್ಯರ ಚಿಕಿತ್ಸೆಯ ವಿಮೆಯನ್ನೂ ಜಾರಿಗೆ ತಂದಿತು. ಕೆಲವೇ ವರ್ಷಗಳಲ್ಲಿ ಇಡೀ ದೇಶ ಅದನ್ನು ಹಿಂಬಾಲಿಸಿತು. ಬೆಳೆ ಬಂದರೆ ಬಂತು, ಹೋದರೆ ಹೋಯಿತು ಎಂಬಂಥ ನಮ್ಮಂತಹ ಸಾಗುವಳಿದಾರರೇ ಅದಕ್ಕೆ ಬುನಾದಿ ಹಾಕಿದವರು. ಅವರು ಮಾಡಿದ್ದು ಎರಡೇ ಕೆಲಸ: ಎಲ್ಲರೂ ಹಣ ಹಾಕಿದರು, ಹಾಕಿದ ಮೇಲೆ ಹಕ್ಕಿನಿಂದ ಕೇಳಿದರು.

ನಮ್ಮಲ್ಲಿ ಈ ಎರಡೂ ಅರ್ಧಂಬರ್ಧ ಆಗಿವೆ. ಹಾಕುವವರು ಎಲ್ಲರೂ ಅಲ್ಲ. ಕೇಳುವವರು ಯಾರೂ ಇಲ್ಲ. ಇದರಲ್ಲಿ ಸಂಘದ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಮೊದಲು ಹೇಳಿದ ಆ ಸದಸ್ಯರ ಹೆಸರು 2018ರವರೆಗೆ ನಮ್ಮ ಪುಸ್ತಕದಲ್ಲಿ ಪ್ರತಿ ವರ್ಷವೂ ಇತ್ತು. ಯೋಜನೆ ಮತ್ತೆ ಆರಂಭವಾದಾಗ ನಾವು ಕಛೇರಿಯ ಗೋಡೆಗೆ ಒಂದು ಪ್ರಕಟಣೆ ಅಂಟಿಸಿ, ಬಂದವರಿಗೆ ಬಾಯಿಮಾತಿನಲ್ಲಿ ತಿಳಿಸಿ ಸುಮ್ಮನಾದೆವು. ಗೊಬ್ಬರದ ಬಾಕಿ ವಸೂಲಿಗೆ ಮನೆ ಬಾಗಿಲಿಗೆ ಹೋಗುವ ನಾವು ಈ ಐದುನೂರು ರೂಪಾಯಿಗೆ ಹೋಗಲಿಲ್ಲ. ಹೋಗಿದ್ದರೆ ಒಂದು ವರ್ಷದ ಫಸಲು ಮಿಕ್ಕುತ್ತಿತ್ತು.

ಆದುದರಿಂದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಕೆಳಗಿನ ವಿಷಯಗಳನ್ನು ಚರ್ಚೆಗೆ ಇಡಬೇಕೆಂಬುದು ನಮ್ಮ ಅಭಿಪ್ರಾಯ.

ಒಂದು: ಕಂತನ್ನು ಕೈಯಿಂದ ಕಟ್ಟುವ ಬದಲು, ಸದಸ್ಯರ ಲಿಖಿತ ಒಪ್ಪಿಗೆ ಪಡೆದು, ಕಾಫಿ ಅಥವಾ ಅಡಿಕೆಯ ಹಣ ಪಾವತಿಯಾಗುವಾಗಲೇ ಮುರಿದುಕೊಳ್ಳುವ ಪದ್ಧತಿ ಬರಬೇಕು. ನೋಂದಣಿಗೆ ಗಡುವು ಇರುತ್ತದೆ. ಗಡುವು ಬರುವ ತಿಂಗಳು ನಮ್ಮವರ ಕೈ ಬರಿದಾಗಿರುವುದೇ ಹೆಚ್ಚು. ಹಣವಿರುವಾಗ ತೆಗೆದಿಟ್ಟರೆ ಮರೆವಿನ ಮಾತೇ ಇರುವುದಿಲ್ಲ.

ಎರಡು: ಹೊಲ ಗದ್ದೆ, ತೋಟಗಳಲ್ಲಿ ನಮ್ಮ ಜೊತೆ ದುಡಿಯುವ ಕುಟುಂಬಗಳನ್ನು ಬಿಡಕೂಡದು. ಸಹಕಾರ ಸಂಘ ಅಥವಾ ಬ್ಯಾಂಕಿನೊಂದಿಗೆ ವ್ಯವಹಾರವಿರುವ ಸ್ವಸಹಾಯ ಗುಂಪುಗಳ ಸದಸ್ಯರಿಗೂ, ಹಾಲಿನ ಸಂಘದವರಿಗೂ ಯಶಸ್ವಿನಿಯಲ್ಲಿ ಅವಕಾಶವಿದೆ. ಮರ ಹತ್ತುವವನು, ಔಷಧಿ ಹೊಡೆಯುವವನು ಬಿದ್ದರೆ ಆಸ್ಪತ್ರೆಯ ಖರ್ಚು ಕೊನೆಗೆ ಬರುವುದು ತೋಟದ ಯಜಮಾನನ ಬಾಗಿಲಿಗೇ. ಅದು ಧರ್ಮವೂ ಹೌದು, ಲೆಕ್ಕವೂ ಹೌದು. ಇದರ ಜೊತೆಗೆ, ಬ್ಯಾಂಕ್ ಖಾತೆಯುಳ್ಳ 18ರಿಂದ 70 ವರ್ಷದವರಿಗೆ ವರ್ಷಕ್ಕೆ ರೂ. 20ಕ್ಕೆ ದೊರೆಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನೂ ಎಲ್ಲರಿಗೂ ಮಾಡಿಸಬೇಕು. ಅದು ಆಸ್ಪತ್ರೆಯ ಬಿಲ್ಲು ಕೊಡುವುದಿಲ್ಲ. ಅಪಘಾತದಿಂದ ಮರಣ ಅಥವಾ ಪೂರ್ಣ ಅಂಗವೈಕಲ್ಯವಾದರೆ ಕುಟುಂಬಕ್ಕೆ ರೂ. 2 ಲಕ್ಷ ಕೊಡುತ್ತದೆ.

ಮೂರು: ಚನ್ನರಾಯಪಟ್ಟಣ, ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಮೈಸೂರಿನಲ್ಲಿ ಯೋಜನೆಗೆ ಒಳಪಟ್ಟ ಆಸ್ಪತ್ರೆಗಳು ಯಾವುವು, ಯಾವುದರಲ್ಲಿ ಯಾವ ಚಿಕಿತ್ಸೆ ಎಂಬ ಪಟ್ಟಿಯನ್ನು ಪ್ರತಿ ವರ್ಷ ಸರಿಪಡಿಸಿ ಪ್ರತಿ ಸದಸ್ಯರ ಮನೆಗೂ ತಲುಪಿಸಬೇಕು. ಎದೆನೋವಿನ ರಾತ್ರಿ ಯಾರೂ ಕಛೇರಿಯ ಗೋಡೆ ನೋಡಲು ಬರುವುದಿಲ್ಲ. ಕಾರ್ಡಿದ್ದೂ ಆಸ್ಪತ್ರೆ ತಿರುಗಿಸಿ ಕಳಿಸಿದರೆ ಸದಸ್ಯರು ದಿನಾಂಕ, ವೇಳೆ ಸಹಿತ ಬರೆದುಕೊಟ್ಟರೆ ಸಾಕು. ಸಹಕಾರ ಇಲಾಖೆಗೆ ದೂರು ಸಲ್ಲಿಸುವುದು ಸಂಘದ ಕೆಲಸವಾಗಬೇಕು.

ನಾಲ್ಕು: ಚಿಕಿತ್ಸೆಯ ದರಗಳನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕು, ಆಸ್ಪತ್ರೆಗಳಿಗೆ ಹಣ ತಡವಿಲ್ಲದೆ ಸಲ್ಲಬೇಕು, ಯೋಜನೆಯನ್ನು ಇನ್ನೊಮ್ಮೆ ಸದಸ್ಯರನ್ನು ಕೇಳದೆ ನಿಲ್ಲಿಸಬಾರದು ಎಂಬ ನಿರ್ಣಯವನ್ನು ಸರ್ಕಾರಕ್ಕೆ ಕಳಿಸಬೇಕು. ದರ ಏರಿಸಲು ನಮ್ಮ ಕಂತು ನೂರು ರೂಪಾಯಿ ಹೆಚ್ಚಾದರೆ ಒಪ್ಪಲು ನಾವೂ ಸಿದ್ಧರಿರಬೇಕು. ಹಣ ಕೊಡದೆ ಗುಣಮಟ್ಟ ಕೇಳುವುದು ನ್ಯಾಯವಲ್ಲ. ಗೊಬ್ಬರ ಹಾಕದೆ ಫಸಲು ಕೇಳಿದರೆ ತೋಟ ಕೊಟ್ಟೀತೇ?

ಅನುಕೂಲವಿರುವ ಸದಸ್ಯರು ಇದರ ಮೇಲೆ ಖಾಸಗಿ ಆರೋಗ್ಯ ವಿಮೆ ಮಾಡಿಸುವ ಯೋಚನೆ ಮಾಡಬಹುದು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18ರ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆಯಲಾಗಿದೆ. ಆದರೆ ಅಲ್ಲಿಯೂ ನಿಯಮ ಇದೇ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಲು ಕಂಪನಿಗೆ ಅವಕಾಶವಿದೆ. ಇದ್ದ ಕಾಯಿಲೆಯನ್ನು ಮುಚ್ಚಿಟ್ಟು ಅರ್ಜಿ ತುಂಬಿದರೆ ಹಣ ಕೇಳುವ ದಿನ ಅದೇ ಅಡ್ಡ ಬರುತ್ತದೆ. ಯಶಸ್ವಿನಿಯೊಂದಿಗೆ ಬೇರೆ ವಿಮೆ ಇರಬಹುದೇ ಎಂಬುದನ್ನು ಆಯಾ ವರ್ಷದ ನಿಯಮ ನೋಡಿ, ಸಂಘದ ಕಾರ್ಯದರ್ಶಿಗಳನ್ನು ವಿಚಾರಿಸಿಯೇ ಮುಂದುವರಿಯುವುದು ಕ್ಷೇಮ.

ಕೊನೆಯ ಮಾತು. ಕೊಳೆರೋಗ ಬರುತ್ತದೆಂದು ಮಳೆಗಾಲದ ಮೊದಲೇ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಉಪಯೋಗವಿಲ್ಲವೆಂದು ನಮ್ಮಲ್ಲಿ ಚಿಕ್ಕ ಹುಡುಗನಿಗೂ ಗೊತ್ತು. ಆ ವರ್ಷ ರೋಗ ಬಾರದಿದ್ದರೆ ಮೈಲುತುತ್ತದ ಹಣ ದಂಡವಾಯಿತೆಂದು ಯಾರೂ ಅಳುವುದಿಲ್ಲ. ಮರಕ್ಕೆ ತೋರಿಸುವ ಈ ಬುದ್ಧಿಯನ್ನು ಮನೆಯವರಿಗೂ ತೋರಿಸಬೇಕು.

ಆ ಸದಸ್ಯರಿಗೆ ಆಡಳಿತ ಮಂಡಳಿ ಮುಂಗಡ ಮಂಜೂರು ಮಾಡಿತು. ಚೇಣಿಯ ಅವಧಿ ಮುಗಿಯುವ ತನಕ ತಮ್ಮ ತೋಟದ ಅಡಿಕೆಯನ್ನು ಬೇರೆಯವರು ಕೊಯ್ಯುವುದನ್ನು ಅವರು ನೋಡುತ್ತ ನಿಂತಿದ್ದರು. ಮುಂಗಡದ ಹಣ ಎಣಿಸಿಕೊಂಡಾಗ ಅವರು ಮೊದಲು ಐದುನೂರು ರೂಪಾಯಿಯನ್ನು ಬೇರೆ ತೆಗೆದು ಗುಮಾಸ್ತರ ಮೇಜಿನ ಮೇಲಿಟ್ಟು, "ಮೊದಲು ಇದನ್ನ ಬರ್ಕಳಪ್ಪ" ಎಂದರು. ಅಷ್ಟು ದೊಡ್ಡ ಬೆಲೆ ತೆತ್ತು ಈ ಪಾಠ ಕಲಿಯುವ ಸ್ಥಿತಿ ಇನ್ನೊಬ್ಬ ಸದಸ್ಯರಿಗೆ ಬಾರದಿರಲಿ. ಈ ಸಲದ ನೋಂದಣಿಗೆ ತಾವು ಬರುವಾಗ ಪಕ್ಕದ ಮನೆಯವರನ್ನೂ ಕರೆದುಕೊಂಡು ಬರಬೇಕೆಂದು ವಿನಂತಿಸುತ್ತೇವೆ.